ಪೋಗ್ಸ್, ಫ್ಲಾಗಿಂಗ್ ಮಾಲಿ, ಡ್ರಾಪ್‌ಕಿಕ್ ಮರ್ಫೀಸ್: ಐರಿಷ್ ಫೋಕ್-ಪಂಕ್ ಕೇಳಲು ಯಾರಿಂದ ಶುರು ಮಾಡಬೇಕು?

ಐರ್ಲೆಂಡಿನ ಜಾನಪದ ಹಾಡನ್ನು ಪಂಕ್ ರಾಕ್‌ನ ವೇಗ, ಒರಟುತನದೊಂದಿಗೆ ಬೆಸೆದ ಐರಿಷ್ ಫೋಕ್-ಪಂಕ್‌ನ ಹುಚ್ಚು ಸಾಮಾನ್ಯವಾಗಿ ಒಂದೇ ಒಂದು ಹಾಡಿನಿಂದ ಹತ್ತುತ್ತದೆ. ಒಬ್ಬರಿಗೆ ಅದು ‘ದ ಡಿಪಾರ್ಟೆಡ್’ ಸಿನಿಮಾದಲ್ಲಿ ಅಕಾರ್ಡಿಯನ್ನೂ ಎಲೆಕ್ಟ್ರಿಕ್ ಗಿಟಾರೂ ಒಟ್ಟಿಗೆ ಬಂದು ಅಪ್ಪಳಿಸುವ ಹಾಡು. ಇನ್ನೊಬ್ಬರಿಗೆ ಡಿಸೆಂಬರ್ ತಿಂಗಳಲ್ಲಿ ಕೇಳಿಬರುವ ‘ಫೇರಿಟೇಲ್ ಆಫ್ ನ್ಯೂಯಾರ್ಕ್’. ಮತ್ತೊಬ್ಬರಿಗೆ ಗೆಳೆಯನೊಬ್ಬ ರಾತ್ರೋರಾತ್ರಿ ಕಳಿಸಿದ ‘ಡ್ರಂಕನ್ ಲಲಬೈಸ್’. ಅದನ್ನೇ ಹತ್ತಾರು ಸಲ ಕೇಳಿಯಾದ ಮೇಲೆ ಮುಂದೆ ಏನು ಎಂಬ ಪ್ರಶ್ನೆ ಬರುತ್ತದೆ. ಆಗ ಬಹಳ ಜನ ಆ್ಯಪ್ ಕಟ್ಟಿಕೊಡುವ ‘ಐರಿಷ್ ಪಬ್’ ಪಟ್ಟಿಗೆ ಹೋಗುತ್ತಾರೆ. ದಯವಿಟ್ಟು ಅಲ್ಲಿಗೆ ಹೋಗಬೇಡಿ. ನಲವತ್ತು ತಂಡಗಳನ್ನು ಒಟ್ಟಿಗೆ ಕಲಸಿ ಬಡಿಸಿದರೆ ಎಲ್ಲವೂ ಒಂದೇ ರುಚಿಯಾಗುತ್ತದೆ. ಒಂದು ವಾರಕ್ಕೆ ಬೇಸರ ಬಂದು ಬಿಟ್ಟುಬಿಡುತ್ತೀರಿ. ಒಂದು ತಂಡ, ಅದರ ಒಂದು ಆಲ್ಬಂ ಹಿಡಿದು ಕೂರುವುದೇ ಸರಿ.

ಯಾವ ತಂಡ ಎಂಬುದಕ್ಕೆ ಹೊಸಬರ ಮುಂದೆ ನಿಜವಾಗಿ ಇರುವುದು ಮೂರು ಆಯ್ಕೆ: ದ ಪೋಗ್ಸ್, ಫ್ಲಾಗಿಂಗ್ ಮಾಲಿ, ಡ್ರಾಪ್‌ಕಿಕ್ ಮರ್ಫೀಸ್. ಈ ದಾರಿಯಲ್ಲಿ ಹತ್ತಾರು ತಂಡಗಳು ಬಂದಿವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಹೆಚ್ಚಿನವು ಈ ಮೂವರಲ್ಲಿ ಒಬ್ಬರ ಹಾದಿ ಹಿಡಿದವು.

ಮೂರು ಊರು, ಮೂರು ದೂರ

ಮೂರರಲ್ಲಿ ಒಂದು ತಂಡವೂ ಐರ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ಪೋಗ್ಸ್ ಲಂಡನ್ನಿನದು, ಫ್ಲಾಗಿಂಗ್ ಮಾಲಿ ಲಾಸ್ ಏಂಜಲಿಸ್‌ನದು, ಡ್ರಾಪ್‌ಕಿಕ್ ಮರ್ಫೀಸ್ ಬಾಸ್ಟನ್ ಮಗ್ಗುಲಿನ ಕ್ವಿನ್ಸಿ ಊರಿನದು. ಇದು ಆಕಸ್ಮಿಕವಲ್ಲ. ಐರ್ಲೆಂಡಿನಲ್ಲಿ 1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭೀಕರ ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಬರ ಮುಗಿದರೂ ಊರು ಬಿಡುವುದು ತಲೆಮಾರುಗಟ್ಟಲೆ ನಿಲ್ಲಲಿಲ್ಲ. ಫೋಕ್-ಪಂಕ್ ಹುಟ್ಟಿದ್ದು ಹೀಗೆ ಹೋದವರ ನಡುವೆ, ಅವರ ಮಕ್ಕಳ, ಮರಿಮಕ್ಕಳ ನಡುವೆ.

ಹಾಗಾಗಿ ಈ ಮೂರು ತಂಡಗಳನ್ನು ಅಳೆಯಲು ನನಗೆ ಸರಿಯೆನಿಸುವ ಅಳತೆ ಊರಿನಿಂದ ಅವರಿಗಿರುವ ದೂರ. ಪೋಗ್ಸ್‌ನ ಹಾಡುಗಾರ ವಲಸೆ ಬಂದವರ ಮಗ. ಅಜ್ಜಿಯ ಊರಿಗೂ ಲಂಡನ್ನಿಗೂ ನಡುವೆ ಬೆಳೆದವನು. ಫ್ಲಾಗಿಂಗ್ ಮಾಲಿಯ ಹಾಡುಗಾರ ತಾನೇ ಊರು ಬಿಟ್ಟವನು. ಡ್ರಾಪ್‌ಕಿಕ್ ಮರ್ಫೀಸ್‌ನವರಿಗೆ ಐರ್ಲೆಂಡ್ ಎಂದರೆ ಮನೆಯ ಹಿರಿಯರಿಂದ ಬಂದ ಹೆಸರು, ಹೆಮ್ಮೆ, ಕೇರಿಯ ಒಗ್ಗಟ್ಟು. ಒಬ್ಬರ ಸಂಗೀತದಲ್ಲಿ ಇಬ್ಬಂದಿತನವಿದೆ, ಒಬ್ಬರಲ್ಲಿ ಅಗಲಿಕೆಯ ನೋವಿದೆ, ಒಬ್ಬರಲ್ಲಿ ಗುಂಪಿನ ಗರ್ವವಿದೆ. ನಿಮಗೆ ಯಾವುದು ಬೇಕು ಎಂಬುದರ ಮೇಲೆ ಆಯ್ಕೆ ನಿಂತಿದೆ.

ಪೋಗ್ಸ್: ಮಾತು ಮುಖ್ಯ ಎನ್ನುವವರಿಗೆ

1982ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ಆಸುಪಾಸಿನಲ್ಲಿ ಈ ತಂಡ ಕೂಡಿಕೊಂಡಿತು. ಅದರ ಹಾಡುಗಾರ ಶೇನ್ ಮ್ಯಾಕ್‌ಗೌವನ್ ಹುಟ್ಟಿದ್ದು ಇಂಗ್ಲೆಂಡಿನ ಕೆಂಟ್‌ನಲ್ಲಿ, 1957ರ ಕ್ರಿಸ್‌ಮಸ್ ದಿನ. ಎಳವೆಯ ಒಂದಷ್ಟು ಕಾಲ ಕಳೆದದ್ದು ಐರ್ಲೆಂಡಿನ ಟಿಪ್ಪರೇರಿಯಲ್ಲಿ, ತಾಯಿಯ ಕಡೆಯವರ ಹಳ್ಳಿಮನೆಯಲ್ಲಿ. ಹಾಡು, ಕುಣಿತ, ಜಪಮಾಲೆ ಎಲ್ಲವೂ ಅಲ್ಲಿ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದವು. ಅದೇ ಹುಡುಗ 1976ರಲ್ಲಿ ಕ್ಲ್ಯಾಷ್ ಎಂಬ ಪಂಕ್ ತಂಡದ ಕಾರ್ಯಕ್ರಮದಲ್ಲಿ ಕಿವಿಯಿಂದ ರಕ್ತ ಸುರಿಸಿಕೊಂಡು ನಿಂತ ಫೋಟೊ ಇಂಗ್ಲೆಂಡಿನ ಸಂಗೀತ ಪತ್ರಿಕೆಯಲ್ಲಿ ಬಂತು. ಟಿಪ್ಪರೇರಿ ಮತ್ತು ಪಂಕ್ ಒಂದೇ ಮೈಯಲ್ಲಿ ಸೇರಿದ್ದು ಹಾಗೆ.

ಆರಂಭದ ಪೋಗ್ಸ್ ವೇದಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಡ್ರಮ್ಮರ್ ಆ್ಯಂಡ್ರೂ ರ‍್ಯಾಂಕನ್ ಕೂರುವುದೇ ಇಲ್ಲ. ನಿಂತುಕೊಂಡೇ ಎರಡು ಡ್ರಮ್ ಬಾರಿಸುತ್ತಾನೆ. ಜೆಮ್ ಫೈನರ್ ಕೈಯಲ್ಲಿ ಬ್ಯಾಂಜೊ. ಜೇಮ್ಸ್ ಫರ್ನ್ಲಿ ಮೊದಲು ಗಿಟಾರ್ ನುಡಿಸುತ್ತಿದ್ದವನು, ಇಲ್ಲಿ ಅಕಾರ್ಡಿಯನ್ ಹೊತ್ತಿದ್ದಾನೆ. ಸ್ಪೈಡರ್ ಸ್ಟೇಸಿ ಟಿನ್ ವಿಸಲ್ ಎಂಬ ಪುಟ್ಟ ಲೋಹದ ಕೊಳಲು ಊದುತ್ತಾನೆ, ಊದದಾಗ ಬಿಯರ್ ತಟ್ಟೆಯನ್ನು ತನ್ನ ತಲೆಗೇ ಬಡಿದುಕೊಂಡು ತಾಳ ಹಾಕುತ್ತಾನೆ. ಗುಡುಗುವ ಎಲೆಕ್ಟ್ರಿಕ್ ಗಿಟಾರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಂಕ್ ಇರುವುದು ವೇಗದಲ್ಲಿ, ಧೈರ್ಯದಲ್ಲಿ, ಮ್ಯಾಕ್‌ಗೌವನ್‌ನ ಸವೆದ ಗಂಟಲಿನಲ್ಲಿ. ಮೊದಲ ಸಲ ಕೇಳಿದವರಿಗೆ ಇದು ತೆಳ್ಳಗೆ, ಒರಟಾಗಿ ಕೇಳಿಸಬಹುದು. ಹೆಡ್‌ಫೋನಿನಲ್ಲಿ ಭರ್ಜರಿ ಸದ್ದು ಬಯಸುವವರಿಗೆ ಇಲ್ಲೇ ತೊಡಕು.

ಆದರೆ ಆ ಮಾತುಗಳು! ಗಾಯಕ ಎಲ್ವಿಸ್ ಕಾಸ್ಟೆಲೊ ನಿರ್ಮಿಸಿದ 1985ರ ‘ರಮ್, ಸೊಡಮಿ ಆ್ಯಂಡ್ ದ ಲ್ಯಾಶ್’ ಆಲ್ಬಮ್ಮಿನ ‘ದಿ ಓಲ್ಡ್ ಮೇನ್ ಡ್ರ್ಯಾಗ್’ ಕೇಳಿ. ಹದಿನಾರರ ಹುಡುಗನೊಬ್ಬ ಲಂಡನ್ನಿಗೆ ಬಂದು ಬೀದಿಪಾಲಾಗುವ ಕಥೆ ಅದು. ಹಿಂದೆ ಅಕಾರ್ಡಿಯನ್ ಒಂದೇ ಸಮ ಎಳೆಯುತ್ತಿರುತ್ತದೆ. ಹಾಡುಗಾರ ಕಣ್ಣೀರು ಹಾಕಿಸಲು ಎಲ್ಲೂ ಪ್ರಯತ್ನಿಸುವುದಿಲ್ಲ, ನಡೆದದ್ದನ್ನು ನಡೆದಂತೆ ಹೇಳಿ ಮುಗಿಸುತ್ತಾನೆ. ಅದೇ ಆಲ್ಬಮ್ಮಿನ ‘ಸ್ಯಾಲಿ ಮ್ಯಾಕ್ಲೆನನ್’ನಲ್ಲಿ ಊರು ಬಿಡುವವನನ್ನು ರೈಲಿಗೆ ಹತ್ತಿಸುವ ಗದ್ದಲವಿದೆ. ಕುಣಿಯುವ ಹಾಡು ಅದು. ಮಾತಿಗೆ ಕಿವಿಗೊಟ್ಟರೆ ಒಳಗೆ ಬೀಳ್ಕೊಡುಗೆ ಇದೆ.

1988ರ ‘ಇಫ್ ಐ ಶುಡ್ ಫಾಲ್ ಫ್ರಮ್ ಗ್ರೇಸ್ ವಿತ್ ಗಾಡ್’ ಇನ್ನೂ ತುಂಬಿದ ಸದ್ದಿನ ಆಲ್ಬಂ. ಗಾಯಕಿ ಕರ್ಸ್ಟಿ ಮ್ಯಾಕಾಲ್ ಜೊತೆ ಹಾಡಿದ ‘ಫೇರಿಟೇಲ್ ಆಫ್ ನ್ಯೂಯಾರ್ಕ್’ ಇದರಲ್ಲೇ ಇದೆ. 1987ರ ಕೊನೆಯಲ್ಲಿ ಬಿಡಿ ಹಾಡಾಗಿ ಬಂದಾಗ ಐರ್ಲೆಂಡಿನಲ್ಲಿ ಮೊದಲ ಸ್ಥಾನ, ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಕರ್ಸ್ಟಿಯ ತಂದೆ ಜನಪದ ಗಾಯಕ ಯೂವನ್ ಮ್ಯಾಕಾಲ್. ಪೋಗ್ಸ್ 1985ರಲ್ಲಿ ಹಾಡಿದ ‘ಡರ್ಟಿ ಓಲ್ಡ್ ಟೌನ್’ ಅವರು ತಮ್ಮೂರು ಸಾಲ್ಫರ್ಡ್ ಬಗ್ಗೆ ಬರೆದ ಹಾಡು. ಅಪ್ಪನ ಹಾಡು ಒಂದು ಆಲ್ಬಮ್ಮಿನಲ್ಲಿ, ಮಗಳ ದನಿ ಮುಂದಿನದರಲ್ಲಿ.

ಈ ಆಲ್ಬಮ್ಮಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿಯದು ‘ಥೌಸಂಡ್ಸ್ ಆರ್ ಸೇಲಿಂಗ್’. ಬರೆದವನು ತಂಡದ ಗಿಟಾರ್ ವಾದಕ ಫಿಲಿಪ್ ಶೆವ್ರಾನ್. ಬರಗಾಲದ ಹಡಗುಗಳಲ್ಲಿ ಹೋದವರನ್ನೂ 1980ರ ದಶಕದಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದ ಹುಡುಗರನ್ನೂ ಒಂದೇ ಹಾಡಿನಲ್ಲಿ ಮುಖಾಮುಖಿ ನಿಲ್ಲಿಸುತ್ತಾನೆ. ಕೆಲಸಕ್ಕಾಗಿ ದೇಶ ಬಿಟ್ಟ ಯಾವ ಕನ್ನಡಿಗನಿಗಾದರೂ ಈ ಹಾಡಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಆಲ್ಬಮ್ಮಿನ ಇನ್ನೊಂದು ಹಾಡು ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದಲ್ಲಿ ತಪ್ಪಾಗಿ ಜೈಲು ಸೇರಿದ್ದ ಆರು ಮಂದಿ ಐರಿಷ್ ಜನರ ಪರ ದನಿಯೆತ್ತಿತು. ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ 1988ರಲ್ಲಿ ಅದನ್ನು ನಿಷೇಧಿಸಿತು. ಆ ಆರೂ ಮಂದಿಯ ಶಿಕ್ಷೆ 1991ರಲ್ಲಿ ರದ್ದಾಗಿ ಬಿಡುಗಡೆಯಾಯಿತು. ಐರಿಷ್ ಬಂಡುಕೋರರ ಬಾಂಬ್ ಭಯದಿಂದ, ಐರಿಷ್ ಉಚ್ಚಾರಣೆಯಲ್ಲಿ ಮಾತಾಡಿದರೂ ಅನುಮಾನಿಸುತ್ತಿದ್ದ ಲಂಡನ್ನಿನಲ್ಲಿ ನಿಂತು, ಐರಿಷ್ ವಾದ್ಯಗಳನ್ನೇ ಎತ್ತಿ ಹಿಡಿದು ಹಾಡಿದವರು ಇವರು. ಇದು ತಿಳಿದ ಮೇಲೆ ಆ ಹಾಡುಗಳ ಆರ್ಭಟ ಬೇರೆಯೇ ಆಗಿ ಕೇಳಿಸುತ್ತದೆ.

ಫ್ಲಾಗಿಂಗ್ ಮಾಲಿ: ಎದೆಗೂ ಕಾಲಿಗೂ ಒಟ್ಟಿಗೆ

ಡಬ್ಲಿನ್ನಿನ ಡೇವ್ ಕಿಂಗ್ 1980ರ ದಶಕದಲ್ಲಿ ಫಾಸ್ಟ್‌ವೇ ಎಂಬ ಹಾರ್ಡ್ ರಾಕ್ ತಂಡದ ಗಾಯಕನಾಗಿದ್ದ. ಅಲ್ಲಿಂದ ಲಾಸ್ ಏಂಜಲಿಸ್‌ಗೆ ಹೋಗಿ ನೆಲೆಸಿದ. ಅಲ್ಲಿನ ಮಾಲಿ ಮಲೋನ್ಸ್ ಎಂಬ ಪಬ್‌ನಲ್ಲಿ ಸೋಮವಾರ ರಾತ್ರಿಗಳಲ್ಲಿ ನುಡಿಸುತ್ತ ನುಡಿಸುತ್ತ ಈ ತಂಡ ಕಟ್ಟಿದ. ವಲಸೆಯ ಕಾಗದಪತ್ರದ ತೊಡಕಿನಿಂದ ವರ್ಷಗಟ್ಟಲೆ ಊರಿಗೆ ಹೋಗಲಾಗದೆ ಉಳಿದವನ ಸಂಕಟ ಮೊದಲ ಆಲ್ಬಂಗಳಲ್ಲಿ ತುಂಬಿದೆ. ತಾನಿನ್ನೂ ಎಳೆಯನಿದ್ದಾಗಲೇ ತೀರಿಕೊಂಡ ತಂದೆಯನ್ನು ನೆನೆಯುವ ‘ವಾಟ್ಸ್ ಲೆಫ್ಟ್ ಆಫ್ ದ ಫ್ಲ್ಯಾಗ್’ ಕೇಳಿದರೆ ಇದು ತಿಳಿಯುತ್ತದೆ. ಗತಿ ನೋಡಿದರೆ ಕುಣಿತದ್ದು, ದನಿ ಕೇಳಿದರೆ ಸೂತಕದ್ದು.

ಪೋಗ್ಸ್‌ಗಿಂತ ಇವರ ಸದ್ದು ದಟ್ಟ. ಎಲೆಕ್ಟ್ರಿಕ್ ಗಿಟಾರ್, ಬಾಸ್, ಪೂರ್ತಿ ಡ್ರಮ್ ಸೆಟ್ ಇವೆ. ಅವುಗಳ ಮೇಲೆ ಬ್ರಿಜಿಟ್ ರೀಗನ್‌ರ ಪಿಟೀಲು, ವಿಸಲ್. ಕಿಂಗ್‌ನ ಗಂಟಲು ತೆರೆದದ್ದು, ರಾಕ್ ಹಾಡಿ ಪಳಗಿದ್ದು. ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಇಂಗ್ಲಿಷ್ ಹಾಡಿನ ಮಾತು ಹಿಡಿಯಲು ಕಷ್ಟಪಡುವವರಿಗೆ ಇದು ದೊಡ್ಡ ಅನುಕೂಲ.

ಆಲ್ಬಂ ಯಾವುದು ಎಂದರೆ 2002ರ ‘ಡ್ರಂಕನ್ ಲಲಬೈಸ್’. ಶುರುವಿನ ಹಾಡಿನಲ್ಲೇ ನಿಮ್ಮನ್ನು ಕುರ್ಚಿಯಿಂದ ಎಬ್ಬಿಸುತ್ತದೆ. ‘ಇಫ್ ಐ ಎವರ್ ಲೀವ್ ದಿಸ್ ವರ್ಲ್ಡ್ ಅಲೈವ್’ ಕೂಡ ಇಲ್ಲೇ ಇದೆ. ಇಷ್ಟವಾದರೆ 2000ದ ‘ಸ್ವ್ಯಾಗರ್’ಗೆ ಹಿಂದಿರುಗಿ; ಅದು ಇನ್ನೂ ಹಸಿಯಾದ ಆಲ್ಬಂ. 2004ರ ‘ವಿದಿನ್ ಎ ಮೈಲ್ ಆಫ್ ಹೋಮ್’ನ ‘ಟೊಬ್ಯಾಕೊ ಐಲೆಂಡ್’ ಇತಿಹಾಸದ ಹುಚ್ಚಿರುವವರಿಗೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಆಡಳಿತಗಾರ ಕ್ರಾಮ್‌ವೆಲ್‌ನ ಕಾಲದವರು ಐರಿಷ್ ಜನರನ್ನು ಬಾರ್ಬಡೋಸ್ ದ್ವೀಪಕ್ಕೆ ಸಾಗಿಸಿ ದುಡಿಸಿದ ಕಥೆ ಅದರಲ್ಲಿದೆ.

ಡ್ರಾಪ್‌ಕಿಕ್ ಮರ್ಫೀಸ್: ಗಂಟಲು ಬಿಚ್ಚಿ ಕೂಗಬೇಕೆನ್ನುವವರಿಗೆ

1996ರಲ್ಲಿ ಶುರುವಾದ ತಂಡ. ಮೊದಲ ಗಾಯಕ ಮೈಕ್ ಮೆಕಾಲ್ಗನ್ ಬಾಸ್ಟನ್ನಿನ ಅಗ್ನಿಶಾಮಕ ದಳ ಸೇರಲು ತಂಡ ಬಿಟ್ಟ. ಎಂಥ ಊರಿನ, ಎಂಥ ಜನರ ತಂಡ ಇದು ಎಂದು ತಿಳಿಯಲು ಅಷ್ಟು ಸಾಕು. ಗಾಯಕ ಕೆನ್ ಕೇಸಿ ಇಂದಿಗೂ ಅದರ ಬೆನ್ನೆಲುಬು. ಕಾರ್ಮಿಕ ಸಂಘ, ಬಾಕ್ಸಿಂಗ್, ಬೇಸ್‌ಬಾಲ್, ಕುಡಿತದಿಂದ ಹಾಳಾದ ಗೆಳೆಯರು, ಹಡಗುಕಟ್ಟೆಯಲ್ಲಿ ದುಡಿದ ಹಿರಿಯರು ಇವರ ಹಾಡಿನ ವಸ್ತು.

ಇಲ್ಲಿ ಮೊದಲು ಬರುವುದು ಪಂಕ್, ಆಮೇಲೆ ಜಾನಪದ. ಗಿಟಾರ್ ಗೋಡೆಯಂತೆ ನಿಂತಿರುತ್ತದೆ, ಅದರ ಮೇಲೆ ಬ್ಯಾಗ್‌ಪೈಪ್. ಈ ಬ್ಯಾಗ್‌ಪೈಪನ್ನು ಗಮನಿಸಿ: ಇವರು ಊದುವುದು ಸ್ಕಾಟ್ಲೆಂಡಿನ ಹೈಲ್ಯಾಂಡ್ ಪೈಪ್. ಐರ್ಲೆಂಡಿಗೇ ವಿಶಿಷ್ಟವಾದ ಇಲನ್ ಪೈಪನ್ನು ಕೂತು ನುಡಿಸುತ್ತಾರೆ, ತೋಳಿನಡಿಯ ತಿದಿಯಿಂದ ಗಾಳಿ ತುಂಬುತ್ತಾರೆ. ಅದರ ನಾದ ಮೆತ್ತಗೆ. ಆದರೆ ಅಮೆರಿಕದ ಐರಿಷ್ ಜನ ಪೊಲೀಸರ, ಅಗ್ನಿಶಾಮಕರ ಶವಯಾತ್ರೆಯಲ್ಲಿ, ಮೆರವಣಿಗೆಯಲ್ಲಿ ಕೇಳಿ ಬೆಳೆದದ್ದು ಹೈಲ್ಯಾಂಡ್ ಪೈಪನ್ನೇ. ಊರಿನಿಂದ ಇವರಿಗಿರುವ ದೂರ ಇಲ್ಲಿ ಕಿವಿಗೇ ಕೇಳಿಸುತ್ತದೆ. ಇದನ್ನು ನಕಲಿ ಎಂದು ಮೂಗು ಮುರಿಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬಾಸ್ಟನ್ನಿನ ಐರಿಷ್ ಬದುಕು ಕೂಡ ನಿಜವಾದ ಬದುಕೇ.

ಸಿನಿಮಾದಿಂದ ಜಗತ್ತಿಗೆಲ್ಲ ಗೊತ್ತಾದ ‘ಐಯಾಮ್ ಶಿಪ್ಪಿಂಗ್ ಅಪ್ ಟು ಬಾಸ್ಟನ್’ ಹಾಡಿನ ಸಾಲುಗಳು ಅಮೆರಿಕದ ಜನಪದ ಗಾಯಕ ವುಡಿ ಗತ್ರಿಯವು. ಅವನ ಕಡತದಲ್ಲಿ ಉಳಿದಿದ್ದ ಕೆಲವೇ ಸಾಲು ತೆಗೆದು ಇವರು ರಾಗ ಕಟ್ಟಿದರು. ಆ ಹಾಡು 2005ರ ‘ದ ವಾರಿಯರ್ಸ್ ಕೋಡ್’ನಲ್ಲಿದೆ. ಆದರೂ ಮೊದಲ ಆಲ್ಬಂ ಆಗಿ ನಾನು ಹೇಳುವುದು 2003ರ ‘ಬ್ಲ್ಯಾಕೌಟ್’. ‘ವರ್ಕರ್ಸ್ ಸಾಂಗ್’, ‘ದ ಫೀಲ್ಡ್ಸ್ ಆಫ್ ಅಥೆನ್ರೈ’ ಎರಡೂ ಅದರಲ್ಲಿವೆ. ಬರಗಾಲದಲ್ಲಿ ಮಕ್ಕಳಿಗಾಗಿ ಮೆಕ್ಕೆಜೋಳ ಕದ್ದು ಗಡೀಪಾರಾದವನ ಹಾಡು ಎರಡನೆಯದು. ಐರ್ಲೆಂಡಿನಲ್ಲಿ ಅದನ್ನು ನಿಧಾನವಾಗಿ ಎಳೆದು ಹಾಡುತ್ತಾರೆ; ಇವರು ಅದನ್ನೇ ಓಡಿಸಿ ಹಾಡಿದ್ದಾರೆ.

ಒಂದೇ ಸಂಜೆಯಲ್ಲಿ ತೀರ್ಮಾನಿಸುವುದಾದರೆ

ಓದಿ ನಿರ್ಧರಿಸುವುದಕ್ಕಿಂತ ಪಕ್ಕಪಕ್ಕ ಇಟ್ಟು ಕೇಳುವುದು ಒಳ್ಳೆಯದು. ಅದಕ್ಕೆ ಒಳ್ಳೆಯ ಜೋಡಿ ಎರಿಕ್ ಬೋಗಲ್ ಬರೆದ ಎರಡು ಹಾಡು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಈತ ಮೊದಲ ಮಹಾಯುದ್ಧದ ಬಗ್ಗೆ ಎರಡು ದೊಡ್ಡ ಹಾಡು ಬರೆದ. ಟರ್ಕಿಯ ಗಲಿಪೊಲಿಯ ಯುದ್ಧದಲ್ಲಿ ಕಾಲು ಕಳೆದುಕೊಂಡವನ ‘ಆ್ಯಂಡ್ ದ ಬ್ಯಾಂಡ್ ಪ್ಲೇಡ್ ವಾಲ್ಟ್ಸಿಂಗ್ ಮಟಿಲ್ಡಾ’ ಹಾಡನ್ನು ಪೋಗ್ಸ್ 1985ರ ಆಲ್ಬಮ್ಮಿನ ಕೊನೆಗೆ ಹಾಡಿದ್ದಾರೆ. ಫ್ರಾನ್ಸಿನಲ್ಲಿ ಯುವ ಸೈನಿಕನ ಸಮಾಧಿಯ ಬಳಿ ಕೂತು ಕೇಳುವ ಪ್ರಶ್ನೆಗಳ ‘ದ ಗ್ರೀನ್ ಫೀಲ್ಡ್ಸ್ ಆಫ್ ಫ್ರಾನ್ಸ್’ ಹಾಡನ್ನು ಡ್ರಾಪ್‌ಕಿಕ್ ಮರ್ಫೀಸ್ 2005ರಲ್ಲಿ ಹಾಡಿದ್ದಾರೆ. ಎರಡೂ ನಿಧಾನ, ಎರಡರಲ್ಲೂ ಪಂಕ್ ಆರ್ಭಟ ಇಲ್ಲ. ಮ್ಯಾಕ್‌ಗೌವನ್ ಹಾಡುವಾಗ ಆ ಕಾಲಿಲ್ಲದ ಮುದುಕನೇ ಬಂದು ಕೂತಂತಿದೆ. ಡ್ರಾಪ್‌ಕಿಕ್‌ನವರು ಹಾಡುವಾಗ ಸತ್ತವನಿಗೆ ಗೌರವ ಸಲ್ಲಿಸಲು ಬಂದ ಜನರ ದನಿಯಿದೆ. ಯಾವುದು ನಿಮ್ಮನ್ನು ಹಿಡಿಯಿತೋ ಆ ಕಡೆಗೆ ಹೋಗಿ.

ಇಷ್ಟೆಲ್ಲ ಹೇಳಿಯೂ ‘ಒಂದೇ ಹೆಸರು ಹೇಳಿ’ ಎಂದರೆ ನನ್ನ ಉತ್ತರ ಸ್ಪಷ್ಟ. ಹದಿನಾರು, ಹದಿನೆಂಟರ ವಯಸ್ಸಿನವರು ‘ಡ್ರಂಕನ್ ಲಲಬೈಸ್’ನಿಂದ ಶುರು ಮಾಡಲಿ, ಒಂದು ತಿಂಗಳೊಳಗೆ ಪೋಗ್ಸ್‌ನ 1985ರ ಆಲ್ಬಮ್ಮಿಗೆ ಬರಲಿ. ಒಳಗೆ ಬರಲು ಫ್ಲಾಗಿಂಗ್ ಮಾಲಿ ಸುಲಭ. ಜೀವಮಾನವಿಡೀ ಜೊತೆಗಿರುವುದು ಪೋಗ್ಸ್. ಈಗಾಗಲೇ ಪಂಕ್ ಅಥವಾ ಮೆಟಲ್ ಕೇಳುವವರಾದರೆ ಮಾತ್ರ ನೇರ ‘ಬ್ಲ್ಯಾಕೌಟ್’ ಹಾಕಿ. ಕಾವ್ಯ ಓದುವ ಅಭ್ಯಾಸವಿರುವವರು ಯಾರ ಮಾತೂ ಕೇಳದೆ ಪೋಗ್ಸ್‌ಗೇ ಹೋಗಬಹುದು.

ಹಿಂದಕ್ಕೆ, ಆಮೇಲೆ ಇತ್ತ ಕಡೆಗೆ

ಮೂವರಲ್ಲಿ ಯಾರನ್ನು ಹಿಡಿದರೂ ಕೊನೆಗೆ ಡಬ್ಲಿನರ್ಸ್ ಮನೆಗೆ ಬಂದೇ ಬರುತ್ತೀರಿ. 1962ರಲ್ಲಿ ಡಬ್ಲಿನ್ನಿನ ಓಡೊನಹ್ಯೂಸ್ ಪಬ್‌ನಲ್ಲಿ ಸೇರಿದ ಗಡ್ಡಧಾರಿಗಳ ತಂಡ. ರಾನಿ ಡ್ರೂನ ಗೊರಗು ದನಿ, ಲ್ಯೂಕ್ ಕೆಲಿಯ ಕಂಚಿನ ಕಂಠ, ಬಾರ್ನಿ ಮೆಕೆನಾನ ಬ್ಯಾಂಜೊ. ಕೆಲಿ ಹಾಡಿದ ‘ರಾಕಿ ರೋಡ್ ಟು ಡಬ್ಲಿನ್’ ಕೇಳಿ, ಆಮೇಲೆ ಡ್ರಾಪ್‌ಕಿಕ್ ಮರ್ಫೀಸ್ 2001ರಲ್ಲಿ ಹಾಡಿದ್ದನ್ನು ಕೇಳಿ. ಒಂದೂ ಎಲೆಕ್ಟ್ರಿಕ್ ವಾದ್ಯವಿಲ್ಲದ ಮೊದಲನೆಯದು ಎರಡನೆಯದಕ್ಕಿಂತ ಒಂದಿಷ್ಟೂ ಕಡಿಮೆ ಉಗ್ರವಲ್ಲ. 1987ರಲ್ಲಿ ಡಬ್ಲಿನರ್ಸ್ ಮತ್ತು ಪೋಗ್ಸ್ ಕೂಡಿ ‘ದಿ ಐರಿಷ್ ರೋವರ್’ ಹಾಡಿದಾಗ ಅಜ್ಜ ಮೊಮ್ಮಗ ಒಂದೇ ಪಂಕ್ತಿಯಲ್ಲಿ ಕೂತಂತಾಯಿತು.

ಇಂದಿನವರಲ್ಲಿ ಇಬ್ಬರು ಸಾಕು. ಡಂಡಾಕ್‌ನ ಮೇರಿ ವಾಲಪರ್ಸ್ ಕೊರೊನಾ ಕಾಲದಲ್ಲಿ ಮನೆಯಿಂದಲೇ ಹಾಡಿ ಹೆಸರಾದವರು. ಡಬ್ಲಿನರ್ಸ್ ಮೆಚ್ಚಿದವರಿಗೆ ಇಷ್ಟವಾಗುತ್ತಾರೆ. ಡಬ್ಲಿನ್ನಿನ ಲ್ಯಾಂಕಮ್ ಹಳೆಯ ಹಾಡುಗಳನ್ನು ಎಳೆದು, ಕತ್ತಲಾಗಿಸಿ, ಮೈ ಜುಮ್ಮೆನ್ನುವಂತೆ ಮಾಡುತ್ತದೆ. 2023ರ ‘ಫಾಲ್ಸ್ ಲ್ಯಾಂಕಮ್’ ಕೇಳಲು ತಾಳ್ಮೆ ಬೇಕು. ಮೊದಲ ವಾರಕ್ಕೆ ಅದು ಬೇಡ.

ಕುಡಿತದ ಮಾತು

ಈ ಹಾಡುಗಳ ತುಂಬ ವಿಸ್ಕಿ ಹರಿಯುತ್ತದೆ. ಎಳೆಯ ಅಭಿಮಾನಿಗಳಿಗೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮ್ಯಾಕ್‌ಗೌವನ್‌ನ ಪ್ರತಿಭೆ ಕುಡಿತದಿಂದ ಬಂದದ್ದಲ್ಲ. ಕುಡಿತ ಅದನ್ನು ತಿಂದುಹಾಕಿತು. ವೇದಿಕೆ ಏರಲಾಗದ ಸ್ಥಿತಿಗೆ ಬಂದಾಗ 1991ರ ಜಪಾನ್ ಪ್ರವಾಸದಲ್ಲಿ ಅವನ ತಂಡದವರೇ ಅವನನ್ನು ಕೈಬಿಟ್ಟರು. ಅವನ ಅತ್ಯುತ್ತಮ ಹಾಡುಗಳೆಲ್ಲ ಅದಕ್ಕೂ ಹಿಂದಿನ ಕೆಲವೇ ವರ್ಷಗಳವು. 2023ರ ನವೆಂಬರ್ 30ರಂದು ತೀರಿಕೊಂಡಾಗ ವಯಸ್ಸು 65. ಡ್ರಾಪ್‌ಕಿಕ್ ಮರ್ಫೀಸ್ ಈ ವಿಷಯದಲ್ಲಿ ಬೇರೆ: ಚಟಕ್ಕೆ ಬಲಿಯಾದ ಗೆಳೆಯರಿಗಾಗಿ ಹಾಡು ಕಟ್ಟಿದ್ದಾರೆ. ಅಪ್ಪ ಅಮ್ಮ ‘ಇದೆಂಥ ಹಾಡು’ ಎಂದು ಕೇಳಿದರೆ ‘ದಿ ಓಲ್ಡ್ ಮೇನ್ ಡ್ರ್ಯಾಗ್’ನ ಸಾಲುಗಳನ್ನು ಅವರ ಮುಂದಿಡಿ, ಯಾರೂ ಅದನ್ನು ಕುಡಿತದ ಜಾಹೀರಾತು ಎನ್ನಲಾರರು.

ಕೇಳಿದ್ದು ಸಾಲದು, ನುಡಿಸಬೇಕು ಎನಿಸಿದರೆ

ಎನಿಸಿಯೇ ಎನಿಸುತ್ತದೆ. ಆಗ ಮೊದಲು ಕೊಳ್ಳಬೇಕಾದದ್ದು ಡಿ ಶ್ರುತಿಯ ಟಿನ್ ವಿಸಲ್. ಆರು ತೂತಿನ ಲೋಹದ ಕೊಳವೆ, ಬಾಯಿಗೆ ಪ್ಲಾಸ್ಟಿಕ್ ಊದುಗೊಳವೆ. ನಮ್ಮ ಕೊಳಲಿನಲ್ಲಿ ನಾದ ಹೊರಡಿಸಲೇ ವಾರಗಟ್ಟಲೆ ಬೇಕು. ಇದರಲ್ಲಿ ಊದಿದ ಕ್ಷಣವೇ ಸ್ವರ ಬರುತ್ತದೆ. ಈ ಸಂಗೀತದ ಎಲ್ಲ ವಾದ್ಯಗಳಲ್ಲಿ ಅಗ್ಗವಾದದ್ದೂ ಇದೇ. ಮ್ಯಾಂಡಲಿನ್ ಎರಡನೆಯ ಆಯ್ಕೆ. ಗಿಟಾರ್ ಬಲ್ಲವರಿಗೆ ಕೈ ಬೇಗ ಕೂರುತ್ತದೆ. ಬ್ಯಾಂಜೊ ದುಬಾರಿ, ಭಾರ, ಜೊತೆಗೆ ಅಕ್ಕಪಕ್ಕದ ಮನೆಯವರ ಸಹನೆಯೂ ಬೇಕು.

ಕರ್ನಾಟಕ ಸಂಗೀತದ ಪಿಟೀಲು ಕಲಿತವರಿಗೆ ಅರ್ಧ ದಾರಿ ಕ್ರಮಿಸಿದಂತೆ ಕಾಣುತ್ತದೆ, ಆದರೆ ಮಾರ್ಪಾಡು ಹೆಚ್ಚು. ತಂತಿಗಳ ಶ್ರುತಿ ಸಪಸಪ ಅಲ್ಲ, ಜಿ-ಡಿ-ಎ-ಇ. ನೆಲದ ಮೇಲೆ ಕೂತು ಪಾದಕ್ಕೆ ಆನಿಸುವಂತಿಲ್ಲ. ಗಮಕದ ಜಾಗದಲ್ಲಿ ಚಿಟಿಕೆ ಹೊಡೆದಂಥ ಸಣ್ಣ ಅಲಂಕಾರಗಳು. ಒಂದು ಅನುಕೂಲ ಮಾತ್ರ ದೊಡ್ಡದು, ಅದು ಲಯ. ಐರಿಷ್ ಕುಣಿತದ ಗತಿಗಳಲ್ಲಿ ಜಿಗ್ ಎಂದರೆ ತಕಿಟ ತಕಿಟ. ರೀಲ್ ಎಂದರೆ ತಕಧಿಮಿ ತಕಧಿಮಿ. ‘ರಾಕಿ ರೋಡ್ ಟು ಡಬ್ಲಿನ್’ ಸ್ಲಿಪ್ ಜಿಗ್. ತಕಿಟ ಮೂರು ಸಲ ಬರುತ್ತದೆ, ಅದಕ್ಕೇ ಹೊಸಬರು ಕೈ ತಟ್ಟುವಾಗ ತಪ್ಪುತ್ತಾರೆ. ತಿಶ್ರ ನಡೆ ಕಲಿತ ಮಗು ತಪ್ಪುವುದಿಲ್ಲ. ವಿಸಲ್ ಕೈಗೆ ಬಂದ ಮೇಲೆ ಮೊದಲು ಹಿಡಿಯಬೇಕಾದ ಹಾಡು ‘ಡರ್ಟಿ ಓಲ್ಡ್ ಟೌನ್’. ಗತಿ ನಿಧಾನ, ರಾಗ ಸರಳ, ಅದನ್ನು ಪೋಗ್ಸ್ ಜೊತೆಗೂ ಡಬ್ಲಿನರ್ಸ್ ಜೊತೆಗೂ ನುಡಿಸಿ ನೋಡಬಹುದು. ಅದು ಕೂತ ಮೇಲೆ ಜಿಗ್‌ಗೆ ಕೈ ಹಾಕಿ. ಮೊದಲು ಅರ್ಧ ವೇಗದಲ್ಲಿ, ಬಾಯಲ್ಲಿ ತಕಿಟ ಹೇಳಿಕೊಂಡು. ಸ್ಪೈಡರ್ ಸ್ಟೇಸಿಯ ವೇಗ ಆಮೇಲೆ ಬರಲಿ.